ಕಡಲಿಗಿಳಿದ ಮೇಪಲ್ ಮರಗಳು

ಚಳಿ ಉತ್ತರಕ್ಕೆ ಸರಿದಂತೆಲ್ಲ ಕ್ವಿಬೆಕ್ ಪ್ರಾಂತ್ಯದ ಮೇಪಲ್ ಮರಗಳೂ ಬೇರು ಕಿತ್ತುಕೊಂಡು ಅದರ ಬೆನ್ನು ಹತ್ತಿ ನಡೆಯುತ್ತಿದ್ದವು. ಅವುಗಳ ರಸ ಕಾಯಿಸಿ ಸಿಹಿಪಾಕ ಮಾರಿ ಬದುಕುವ ಮುದುಕಿ ಓಡಿಲಿಯ ಮನೆತನವೂ ಗುಡಿಸಲಿಗೆ ಚಕ್ರ ಕಟ್ಟಿಕೊಂಡು ಹಿಂದೆಯೇ ಸಾಗುತ್ತಿತ್ತು. ಈ ವಸಂತದಲ್ಲಿ ಮರಗಳು ಪ್ರಾಂತ್ಯದ ಕೊನೆಯ ದಡ ಮುಟ್ಟಿ, ಒಂದೊಂದಾಗಿ ಕಡಲಿಗಿಳಿದು ಈಜತೊಡಗಿದವು.

"ಸಾಕಮ್ಮಾ, ಹಿಂದಕ್ಕೆ ಹೋಗೋಣ. ಪೇಟೇಲಿ ಏನಾದರೂ ಕೆಲಸ ಸಿಕ್ಕೀತು," ಎಂದ ಮಗ ರೆಮಿ.

"ಚಕ್ರ ಕಟ್ಟುವಾಗ ನಿಮ್ಮಪ್ಪನೂ ಹೀಗೇ ಗೊಣಗಿದ್ರು. ಚಕ್ರ ಕಳಚು, ಗುಡಿಸಲ ತಳಕ್ಕೆ ದಿಮ್ಮಿ ಬಿಗಿ. ತೇಲಿಕೊಂಡೇ ಹೋಗೋಣ."

"ಆಚೆ ದಡದಲ್ಲಿ ನಮ್ಮ ಫ್ರೆಂಚ್ ಆಡೋರು ಒಬ್ಬರೂ ಇಲ್ಲವಲ್ಲಮ್ಮಾ!"

ಓಡಿಲಿ ಪಾಕದ ಕೊಪ್ಪರಿಗೆಯನ್ನು ಹಗ್ಗದಿಂದ ಬಿಗಿಯುತ್ತಲೇ ಕೇಳಿದಳು: "ನಾವು ಹೋಗಿ ಇಳಿಯೋ ತನಕ ತಾನೆ?"