ಹಿಂದಿನ ಸೀಟು

“ಬಿಸಿ ಏರಿದರೆ ಈ ಎಂಜಿನ್ನನ್ನ ಯಾವುದರಿಂದ ತಣ್ಣಗೆ ಮಾಡೋದು?”

ಕುಸುಮ ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಅವರು ಹೀಗೆ ಗಾಳಿಯೊಡನೆ ಮಾತಾಡುವುದು ರೂಢಿ. ಐಟಿಐನಲ್ಲಿ ಇಪ್ಪತ್ತೊಂಬತ್ತು ವರ್ಷ ಡೀಸೆಲ್ ಮೆಕ್ಯಾನಿಕ್ ಪಾಠ ಹೇಳಿ ನಿವೃತ್ತರಾದ ಮೇಲೆ, ಕುವೆಂಪುನಗರದ ಮನೆಯ ಪಕ್ಕದ ಜಾಗದಲ್ಲಿ ತಗಡಿನ ಶೆಡ್ ಹಾಕಿಸಿ ಅವರು ಒಂದು ಜಲಾಂತರ್ಗಾಮಿ ಕಟ್ಟುತ್ತಿದ್ದರು. ಗುಜರಿಯಲ್ಲಿ ಸಿಕ್ಕ ಹಾಲಿನ ಟ್ಯಾಂಕರಿನ ಟ್ಯಾಂಕೇ ಅದರ ಮೈ. ಮೇಲೆ ತೇಲುವಾಗ ಓಡಿಸಲು ಲಗೇಜ್ ಆಟೊದ ಎಂಜಿನ್, ಮುಳುಗಿದಾಗ ಬ್ಯಾಟರಿ. ತಮ್ಮನ ಜಮೀನಿನ ಪಕ್ಕದ ಕಲ್ಲುಗಣಿ ಹೊಂಡದಲ್ಲಿ ಎರಡಾಳು ಆಳ ಇಳಿದು ಎದ್ದು ಬಂದರೆ ಸಾಕು, ಅಷ್ಟೇ ಆಸೆ.

ಟ್ಯಾಂಕಿನೊಳಗೆ ಕೇಳುತ್ತಿದ್ದ ಪದ್ಯ ನಿಂತಿತು. ಗಂಡ ಪ್ರಭುಸ್ವಾಮಿ ದಿನಾ ಸಂಜೆ ಹಣೆಗೆ ವಿಭೂತಿ ಧರಿಸಿ, ಪುಸ್ತಕ ಹಿಡಿದು, ಏಣಿಯ ಮೆಟ್ಟಿಲು ಒಂದೊಂದೇ ಇಳಿದು ಅದರೊಳಗೆ ಕೂರುತ್ತಿದ್ದರು. ಉಕ್ಕಿನ ಗೋಡೆಗೆ ತಾಗಿ ಷಟ್ಪದಿಯ ಸಾಲುಗಳು ಎರಡೆರಡು ಸಲ ಕೇಳುತ್ತಿದ್ದವು. ಕಾಂಪೌಂಡಿನಾಚೆಯ ಭಾನುಪ್ರಿಯಾ ಮೊದಲ ದಿನ ಬೆಚ್ಚಿಬಿದ್ದು, “ಆಂಟಿ, ನಿಮ್ ಟ್ಯಾಂಕಲ್ಲಿ ಯಾರೋ ಸ್ವಾಮಿಗಳು ಸಿಕ್ಹಾಕ್ಕೊಂಡವ್ರೆ!” ಎಂದು ಕೂಗಿದ್ದಳು.

ಅವರು ಕೂರುತ್ತಿದ್ದದ್ದು, ಕುಸುಮ ತಮ್ಮ ಹಳೇ ಸ್ಕೂಟರಿನಿಂದ ಕಿತ್ತು ಅಲ್ಲಿ ಬೋಲ್ಟ್ ಹಾಕಿದ್ದ ಹಿಂದಿನ ಸೀಟಿನ ಮೇಲೆ. ಪ್ರಭುಸ್ವಾಮಿಗೆ ಗಾಡಿ ಓಡಿಸಲು ಬಾರದು, ಈಜಲೂ ಬಾರದು. ಮದುವೆಯಾದಾಗಿನಿಂದ ಅವರು ಮೈಸೂರು ಸುತ್ತಿದ್ದೆಲ್ಲ ಆ ಸೀಟಿನ ಮೇಲೆ ಕೂತೇ.

“ಆಟೊದಲ್ಲಿ ಫ್ಯಾನು, ರೇಡಿಯೇಟರು ಇತ್ತಲ್ಲ, ಅದನ್ನೇ ಹಾಕು,” ಒಳಗಿನಿಂದ ದನಿ ಬಂತು.

“ಆ ಬಿಸಿಗಾಳಿ ಎಲ್ಲಿಗೆ ಹೋಗುತ್ತೆ ರೀ? ಮುಚ್ಚಿದ ಡಬ್ಬ. ಇಡ್ಲಿ ಥರ ಬೆಂದ್ಬುಡ್ತೀರ.”

“ನಾನು ಇಡ್ಲಿ ಆದ್ರೆ ನೀನೇನು ಚಟ್ನಿನಾ? ನೀನೂ ಒಳಗೇ ಇರ್ತೀಯಲ್ಲ.”

“ಅದಕ್ಕೇ ಬೇಡ ಅಂದಿದ್ದು.” ಕುಸುಮ ನಕ್ಕರು. “ಹೊಂಡದ ನೀರನ್ನೇ ಒಳಗೆ ಎಳ್ಕೊಂಡು, ಎಂಜಿನ್ ಸುತ್ತ ಹರಿಸಿ, ಆಚೆ ಬಿಡಬಹುದು. ಆದ್ರೆ ಟ್ಯಾಂಕಿನ ಹೊಟ್ಟೆಗೆ ತೂತು ಕೊರೀಬೇಕು. ಪೈಪು ಕಳಚ್ಕೊಂಡ್ರೆ ನೀರು ಸೀದಾ ನಿಮ್ಮ ಕಾಲಿಗೇ.”

ಹೇಳಿದ ಮೇಲೆ ಅವರ ನಗು ನಿಂತಿತು. ನೀರು ನುಗ್ಗುವಾಗ ಆ ಏಣಿ ಹತ್ತಲು ಈ ಮನುಷ್ಯನಿಗೆ ಎಷ್ಟು ಹೊತ್ತು ಬೇಕಾದೀತೆಂದು ಅವರು ಎಷ್ಟೋ ಸಲ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಒಂದು ಸಲವೂ ಹೊತ್ತು ಸಾಲಿರಲಿಲ್ಲ.

ಪ್ರಭುಸ್ವಾಮಿ ಸ್ವಲ್ಪ ಯೋಚಿಸಿ ಹೇಳಿದರು: “ಅಲ್ಲ ಕಣೇ, ಕುಡಿಯೋ ಹಾಲು ಸುಡ್ತಿದ್ರೆ ನಾನೇನ್ ಮಾಡ್ತೀನಿ? ಲೋಟನ ನೀರಿನ ಬೋಗುಣೀಲಿ ಇಡ್ತೀನಿ. ಹಾಲಿಗೆ ನೀರು ಬೆರೆಸಲ್ಲ, ಲೋಟಕ್ಕೆ ತೂತೂ ಕೊರೆಯಲ್ಲ. ನಿನ್ನ ಟ್ಯಾಂಕು ಹೆಂಗೂ ನೀರಲ್ಲೇ ಕೂತಿರುತ್ತಲ್ಲ?”

ಕುಸುಮರ ಕೈಯಲ್ಲಿ ಸ್ಪ್ಯಾನರ್ ಹಾಗೇ ನಿಂತಿತು. ಟ್ಯಾಂಕಿನ ಗೋಡೆಗೆ ಒಳಗಿನಿಂದ ಒಂದು ಚಪ್ಪಟೆ ಪೆಟ್ಟಿಗೆ ಬೆಸೆದು, ಎಂಜಿನ್ನಿನ ಬಿಸಿನೀರನ್ನು ಅದರಲ್ಲಿ ಸುತ್ತಿಸಿದರೆ, ಆಚೆಯ ತಣ್ಣೀರು ಗೋಡೆಯ ಮೂಲಕವೇ ಬಿಸಿಯನ್ನು ಹೀರಿಕೊಳ್ಳುತ್ತದೆ. ತೂತಿನ ಮಾತೇ ಇಲ್ಲ.

“ಅಯ್ಯೋ ನಿಮ್ಮ! ಅಷ್ಟು ವರ್ಷ ಹುಡುಗರಿಗೆ ಪಾಠ ಹೇಳಿದವಳು ನಾನು!” ದಡದಡ ಏಣಿ ಇಳಿದು ಬಂದು, ಗ್ರೀಸ್ ಕೈಯಲ್ಲೇ ಗಂಡನ ಕೆನ್ನೆ ಸವರಿ ನೆಟಿಗೆ ಮುರಿದರು. ಪ್ರಭುಸ್ವಾಮಿ ಕಪ್ಪಾದ ಕೆನ್ನೆಯನ್ನು ಒರೆಸಿಕೊಳ್ಳಲೂ ಇಲ್ಲ, ಅಷ್ಟು ಬೀಗಿದ್ದರು.

ಕುಸುಮ ಆಗಲೇ ಟೇಪು ಬಿಚ್ಚಿದ್ದರು. ಪೆಟ್ಟಿಗೆಗೆ ಮೂರಡಿ ಗೋಡೆ ಬೇಕು. ನೀರಿನ ಮಟ್ಟಕ್ಕಿಂತ ಕೆಳಗಿರಬೇಕು, ಎಂಜಿನ್ನಿಗೂ ಹತ್ತಿರವಿರಬೇಕು. ಮುಂದೆ ಬ್ಯಾಟರಿಗಳು. ಎಡಕ್ಕೆ ಗಾಳಿಯ ಸಿಲಿಂಡರುಗಳು, ಅವನ್ನು ಸರಿಸುವಂತಿಲ್ಲ. ಟೇಪು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಕೊನೆಗೆ ಪ್ರಭುಸ್ವಾಮಿಯ ಮೊಣಕಾಲಿಗೆ ತಾಗಿ ನಿಂತಿತು.

ಇಬ್ಬರೂ ಟೇಪನ್ನೇ ನೋಡಿದರು.

“ಬೇರೆ ಎಲ್ಲೂ ಆಗಲ್ವಾ?”

“ಇಲ್ಲ ರೀ.” ಕುಸುಮ ಟೇಪು ಸುತ್ತಿಕೊಂಡರು. “ಪೆಟ್ಟಿಗೆ ಬಂದ್ರೆ ಈ ಸೀಟಿಗೆ ಜಾಗ ಉಳಿಯಲ್ಲ. ನೀವು ದಡದಲ್ಲಿ ನೆರಳು ನೋಡ್ಕೊಂಡು ಕೂತು ಓದ್ತಿರಿ. ನಾನು ಒಂದು ಗಳಿಗೆ ಮುಳುಗಿ ಬಂದ್ಬುಡ್ತೀನಿ.”

“ನಾನು ಓದೋದು ಕೆಳಗೆ ಕೇಳ್ಸುತ್ತಾ?”

ಕುಸುಮ ಸುಳ್ಳು ಹೇಳಲಿಲ್ಲ. ಇಲ್ಲವೆಂದು ತಲೆಯಾಡಿಸಿದರು.

“ನೀನು ಕೆಳಗೆ ಹೋದ್ಮೇಲೆ ನಾನು ದಡದಲ್ಲಿ ಕೂತು ಏನು ನೋಡ್ಲಿ? ಗುಳ್ಳೆನಾ?”

“ನಿಮಗೆ ಈಜು ಬರಲ್ಲ.”

“ಸ್ಕೂಟರ್ ಓಡ್ಸೋಕೂ ಬರಲ್ಲ. ಹಿಂದೆ ಕೂರ್ಲಿಲ್ವಾ?”

“ರೀ, ಹಟ ಬೇಡ. ದಮ್ಮಯ್ಯ ಅಂತೀನಿ, ಏಳಿ. ಸೀಟಿನ ಬೋಲ್ಟ್ ಬಿಚ್ಚಬೇಕು.”

ಪ್ರಭುಸ್ವಾಮಿ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಸರ್ಕಲ್ಲಿನಲ್ಲಿ ಹೆಂಡತಿ ಗಾಡಿ ತಿರುಗಿಸುವಾಗ ಹಿಡಿಯುತ್ತಿದ್ದಂತೆ ಸೀಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು.

“ಏಳಲ್ಲ.”