ತೊಳೆದ ಕಲ್ಲು

ತಾನು ಎಂಟು ವರ್ಷ ತೊಳೆದ ಸಾರ್ವಜನಿಕ ಶೌಚಾಲಯದ ಕಡಪಾ ಕಲ್ಲು ಹೊಸ ಕಟ್ಟಡದಲ್ಲಿ ಊಟದ ಮೇಜಾಗಿ ಕೂತಿದ್ದನ್ನು ಕಂಡು, ಟೀ ತಂದವಳು ಲೋಟಗಳನ್ನು ಅದರ ಮೇಲಿಡದೆ ಎಲ್ಲರ ಕೈಗೇ ಕೊಟ್ಟಳು. ಅದು ಶೌಚಾಲಯದ ಕಲ್ಲೆಂದು ತಿಳಿದು, ಕಟ್ಟಡ ನೋಡಲು ಬಂದ ಅತಿಥಿಗಳೂ ಮೂಗು ಮುರಿದರು.

"ಹೇಸಿಗೆ ಯಾಕ್ರೀ?" ಕಟ್ಟಡದ ಮ್ಯಾನೇಜರ್ ಕಲ್ಲಿನ ಮೇಲೆ ಕೈಯಾಡಿಸಿದರು. "ಕೆಡವಿದ್ದನ್ನೆಲ್ಲ ಎಸೀತಾ ಹೋದರೆ ಭೂಮಿ ಎಲ್ಲಿ ಸಾಲತ್ತೆ? ಚೆನ್ನಾಗಿ ತೊಳೆದರೆ ಹಳೇದೂ ಹೊಸದೇ!"

ಆ ಮಾತು ಅವಳ ಮನಸ್ಸಿಗೆ ನಾಟಿತು.

"ನಿಜ ಸಾರ್. ನಾನೂ ಅಲ್ಲಿಂದಲೇ ಬಂದೋಳು. ಅದನ್ನ ಕೆಡವಿದ ಮೇಲೆ ಇಲ್ಲಿ ಟೀ ಮಾಡೋ ಕೆಲಸ ಸಿಕ್ತು."

"ಅಲ್ಲೇನು ಮಾಡ್ತಿದ್ದೆ?"

"ಇದೇ ಕಲ್ಲು ತೊಳೀತಿದ್ದೆ ಸಾರ್."

ತುಟಿಗೆ ಒಯ್ದಿದ್ದ ಲೋಟವನ್ನು ಮ್ಯಾನೇಜರ್ ಅದೇ ಕಲ್ಲಿನ ಮೇಲೆ ಕುಕ್ಕಿ, ಕರ್ಚೀಫಿನಿಂದ ಕೈ ಒರೆಸಿಕೊಂಡರು. "ಥೂ! ಇವಳ ಕೈಲಿ ಟೀ ಮಾಡಿಸಿದ್ದು ಯಾರ್ರೀ?"