ಮೇಷ್ಟ್ರ ಅರ್ಧ ನಗು

ನಮ್ಮೂರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕಾದರೆ ಬಾಗಿಲಲ್ಲಿರುವ ಕನ್ನಡಿಗೆ ಮೊದಲು ನಕ್ಕು ತೋರಿಸಬೇಕು. ನಗು ಕೆಟ್ಟಿದ್ದರೆ ಲಕ್ವ ಎಂದು ಬಾಗಿಲು ತೆರೆಯುತ್ತದೆ. ಚೆನ್ನಾಗಿದ್ದರೆ ಮನೆಗೆ ಕಳಿಸುತ್ತದೆ.

ನಿವೃತ್ತ ಡ್ರಿಲ್ ಮೇಷ್ಟ್ರು ನಂಜೇಗೌಡರು ಜನ್ಮದಲ್ಲಿ ನಕ್ಕವರಲ್ಲ. ಹೋದ ವರ್ಷ ತಲೆಸುತ್ತು ಎಂದು ಬಂದಾಗ ಕನ್ನಡಿ ಅವರನ್ನು ಲಕ್ವದ ವಾರ್ಡಿಗೆ ಹಾಕಿತ್ತು. "ಇವ್ರು ಮದ್ವೆ ದಿನಾನೂ ಹಿಂಗೇ ಇದ್ರು" ಎಂದು ಹೆಂಡತಿ ಜವರಮ್ಮ ಬರೆದುಕೊಟ್ಟು ಬಿಡಿಸಿಕೊಂಡು ಹೋಗಿದ್ದರು.

ಇವತ್ತು ತಿಂಡಿ ತಿನ್ನುವಾಗ ಮೇಷ್ಟ್ರ ಕೈಯಿಂದ ಲೋಟ ಜಾರಿತು. ಬಾಯಿ ಬಲಕ್ಕೆ ಎಳೆದುಕೊಂಡಿತು, ಮಾತು ತೊದಲಿತು. ಜವರಮ್ಮ ಆಟೊದಲ್ಲಿ ಕರೆತಂದು ಕನ್ನಡಿಯ ಮುಂದೆ ನಿಲ್ಲಿಸಿದರು.

"ಅಭಿನಂದನೆಗಳು. ನಗುವಿನಲ್ಲಿ ಅರ್ಧದಷ್ಟು ಸುಧಾರಣೆ ಕಂಡಿದೆ. ಮನೆಗೆ ಹೋಗಬಹುದು" ಎಂದಿತು ಕನ್ನಡಿ.

"ಅದು ನಗು ಅಲ್ಲ ಕಣಮ್ಮ, ಬಾಯಿ ಸೊಟ್ಟಗಾಗಿದೆ" ಎಂದು ಜವರಮ್ಮ ನರ್ಸಿಗೆ ಹೇಳಿದರು.

"ಇವ್ರು ನಗಲ್ಲ ಅಂತ ನೀವೇ ಸೈನ್ ಹಾಕಿದ್ದೀರಲ್ಲಮ್ಮ. ಈಗ ನಗ್ತಾವ್ರೆ, ಖುಷಿ ಪಡಿ. ಕನ್ನಡಿ ತಪ್ಪು ಮಾಡಲ್ಲ" ಎಂದಳು ನರ್ಸು.

ಜವರಮ್ಮ ಗಂಡನನ್ನು ಗೋಡೆಗೆ ಒರಗಿಸಿ ತಾವೇ ಕನ್ನಡಿಯ ಮುಂದೆ ನಿಂತರು. ಮೂವತ್ತೆಂಟು ವರ್ಷ ಇಬ್ಬರ ಪಾಲಿನ ನಗುವನ್ನೂ ನಕ್ಕಿದ್ದ ಬಾಯಿಯನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದರು. ಕನ್ನಡಿ ಗಂಟೆ ಬಾರಿಸಿತು. ಬಾಗಿಲು ತೆರೆದು ಸ್ಟ್ರೆಚರ್ ಬಂತು. ಅದರ ಮೇಲೆ ಗಂಡನನ್ನು ಮಲಗಿಸಿ, ಆಮೇಲೆ ತಮ್ಮ ಬಾಯಿ ಸರಿಮಾಡಿಕೊಂಡರು.

ಮೇಷ್ಟ್ರ ಕೈಗೆ 'ಜವರಮ್ಮ, ಹೆಣ್ಣು, ಅರವತ್ತೊಂದು' ಎಂಬ ಪಟ್ಟಿ ಕಟ್ಟಿ ಒಳಗೆ ಕರೆದೊಯ್ದರು. ಮೀಸೆ ಕಂಡರೂ ಯಾರೂ ಏನೂ ಕೇಳಲಿಲ್ಲ. ಕನ್ನಡಿ ತಪ್ಪು ಮಾಡುವುದಿಲ್ಲವಲ್ಲ.